ಕೂದಲೆಳೆಯಷ್ಟು ತಡ

ಕ್ಲೀವ್‌ಲೆಂಡಿನ ಕಿನ್ಸ್‌ಮನ್ ರಸ್ತೆಯಲ್ಲಿ
ಹಳೇ ಸಾಮಾನಿನ ಅಂಗಡಿ. ಡಾಲರಿಗೆ ನಾಲ್ಕು ಗ್ರಾಮಫೋನ್ ತಟ್ಟೆ.
ಹೊದಿಕೆ ಹರಿದಿತ್ತು, ಹೆಸರಿನ ಜಾಗದಲ್ಲಿ
ಯಾರೋ ಕಾಫಿ ಲೋಟ ಇಟ್ಟ ಕಂದು ಉಂಗುರ.
ಮೂಸಿ ನೋಡಿದೆ. ನೆಲಮಾಳಿಗೆ, ಇಲಿ, ಮೇಣ.
ಮೂಸುವುದು ನನ್ನ ಚಾಳಿ; ಒಳ್ಳೆಯ ಡ್ರಮ್ಮಿಗೆ
ಒದ್ದೆ ರಟ್ಟಿನ ವಾಸನೆ ಇರುತ್ತದೆಂದು
ನಂಬಿದ್ದೇನೆ, ಪುರಾವೆ ಕೇಳಬೇಡಿ.

ಮೊದಲ ಬದಿ ದಂಡ. ಎರಡನೆಯದರ ಮೂರನೇ ಹಾಡಿನಲ್ಲಿ
ಆರ್ಗನ್ ಸುಮ್ಮನಾಯಿತು, ಕಹಳೆಯವರು ಉಸಿರೆಳೆದುಕೊಂಡರು,
ಆಮೇಲೆ ನಾಲ್ಕೇ ನಾಲ್ಕು ಆವರ್ತ
ಬರೀ ಡ್ರಮ್ಮು.
ಎದ್ದು ನಿಂತೆ. ನೂಡಲ್ಸ್ ಬಟ್ಟಲು ಮಡಿಲಿಂದ ಜಾರಿತು.

ಕತ್ತರಿಸಿ ಯಂತ್ರಕ್ಕೆ ಹಾಕಿದೆ.
ಹದಿನಾರು ರಬ್ಬರು ಗುಂಡಿ, ಹದಿನೈದು ತುಂಡು,
ಒಂದರಲ್ಲಿ ಕಿಕ್, ಒಂದರಲ್ಲಿ ಸ್ನೇರ್,
ಒಂದರಲ್ಲಿ ಬರೀ ಕೋಣೆಯ ಗಾಳಿ.
ಅದನ್ನೂ ಬಿಡಲಿಲ್ಲ, ಕೋಳಿ ಕೊಯ್ದ ಮನೆಯಲ್ಲಿ
ಕತ್ತಿನ ಮೂಳೆಯೂ ಸಾರಿಗೆ ಬಿದ್ದ ಹಾಗೆ.

ಯಂತ್ರಕ್ಕೊಂದು ಗುಣ ಇದೆ: ಶಿಸ್ತು.
ತಡವಾಗಿ ಬಂದ ಪೆಟ್ಟನ್ನು ಕಿವಿ ಹಿಂಡಿ
ಗೆರೆಯ ಮೇಲೆ ತಂದು ನಿಲ್ಲಿಸುತ್ತದೆ.
ನಿಲ್ಲಿಸಿತು.
ಎಲ್ಲ ಸರಿಯಾಗಿತ್ತು, ಸತ್ತಿತ್ತು.
ತಿದ್ದುವ ಗುಂಡಿ ಆರಿಸಿ ಮತ್ತೆ ಕೇಳಿದೆ:
ಪ್ರತಿ ಎರಡನೇ ಸ್ನೇರ್
ಕೂದಲೆಳೆಯಷ್ಟು ತಡ.
ಸೋಮಾರಿತನವಲ್ಲ. ಕೊನೆಯ ಮೆಟ್ಟಿಲಲ್ಲಿ
ಯಾರಿಗೋ ಕಾದು ನಿಂತು ಆಮೇಲೆ ಇಳಿದ ಹಾಗೆ.

ಅದರ ಮೇಲೊಂದು ಬಾಸು ಮಲಗಿಸಿದೆ,
ಚಿಕ್ಕಮ್ಮನ ಪಿಯಾನೋದ ಒಂದು ಮುರುಕು ಸ್ವರ,
ರ‍್ಯಾಪಿಗೆ ಪಕ್ಕದ ಬೀದಿಯ ಕಿಯೋಂಟೆ.
ಬೇಸಿಗೆ ತುಂಬ ಕಾರುಗಳ ಡಿಕ್ಕಿ ನಡುಗಿಸಿತು ಆ ಹಾಡು.

ಅಕ್ಟೋಬರಿನಲ್ಲಿ ಅವಳು ಬಂದಳು.
ಅರ್ಲೀನ್ ವಿಟ್‌ಲೋ, ಅರವತ್ತರ ಮೇಲೆ,
ಆಸ್ಪತ್ರೆ ಅಡುಗೆಮನೆಯ ಸಮವಸ್ತ್ರ, ಕೈಯಲ್ಲಿ ಒದ್ದೆ ಕೊಡೆ.
"ಥೇರಾನ್ ಅಂದರೆ ನೀನಾ? ಲಾಂಡ್ರಿಯಲ್ಲಿ
ಬಟ್ಟೆ ಮಡಚುತ್ತಿದ್ದೆ. ರೇಡಿಯೋದಲ್ಲಿ ನನ್ನಪ್ಪ ಬಂದ."
ನನ್ನ ಉತ್ತರ ಬಾಯಿಪಾಠವಾಗಿತ್ತು:
ತಟ್ಟೆಯ ಮೇಲೆ ಹೆಸರಿರಲಿಲ್ಲ ಮೇಡಂ,
ಉಂಗುರವಿತ್ತು, ಕಾಫಿಯದು...

"ಹೆಸರು ಯಾರು ಕೇಳಿದರು?
ಉಕ್ಕಿನ ಗಿರಣಿಯಲ್ಲಿ ಎಡಗೈಯ ಎರಡು ಬೆರಳು ಹೋದವು.
ಕೋಲನ್ನು ಅಂಗೈಗೆ ತೊಗಲಪಟ್ಟಿಯಿಂದ ಕಟ್ಟಿಕೊಳ್ಳುತ್ತಿದ್ದ.
ಆ ಕೈ ಯಾವತ್ತೂ ಬಲಗೈಯನ್ನು ಕೇಳಿಯೇ ಏಳುತ್ತಿತ್ತು.
ಬ್ಯಾಂಡಿನವರು ಬೈದರು. ಅಮ್ಮ ಅದಕ್ಕೇ ಮದುವೆಯಾದಳು."

ಮೊದಲು ದುಡ್ಡಿನ ಮಾತಾಡಿದಳು, ಖಡಕ್ಕಾಗಿ.
ಲಾಂಡ್ರಿ ರಸೀದಿಯ ಹಿಂದೆ ಬರೆದೆವು: ಅರ್ಧಕ್ಕರ್ಧ,
ಹಿಂದಿನ ಬಾಕಿಯೂ ಸೇರಿ. ನಾನು ನೂರಕ್ಕೆ ಇಪ್ಪತ್ತು ಎಂದಿದ್ದೆ;
ಅವಳು ಕೊಡೆಯನ್ನು ಮೇಜಿನ ಮೇಲಿಟ್ಟಳು.
ಕಿಯೋಂಟೆಗೆ ಹೇಳುವುದು ನಾಳಿನ ತಲೆನೋವು.

ಆಮೇಲೆ, ಹಾಡು ಹಾಕು ಎಂದಳು. ಹಾಕಿದೆ.
ಕಣ್ಣು ಮುಚ್ಚಿ ಕೇಳಿ, ತೆರೆದು,
"ನನ್ನಪ್ಪನನ್ನು ಗಾಣಕ್ಕೆ ಕಟ್ಟಿದ್ದೀಯ," ಎಂದಳು.
"ನಾಲ್ಕು ಮುಗಿಯುತ್ತಲೇ ಮತ್ತೆ ಮೊದಲಿಗೆ ಎಳೀತೀಯ.
ಮುಂದೇನು ಬಾರಿಸಿದ, ಗೊತ್ತಾ?"
ಗೊತ್ತಿರಲಿಲ್ಲ. ನನಗೆ ಬೇಕಾದಷ್ಟೇ ಕೇಳಿ
ಸೂಜಿ ಎತ್ತಿದವನು ನಾನು.

ತಟ್ಟೆ ಹುಡುಕಿ ತೆಗೆದು ಒರೆಸಿ ಇಟ್ಟೆ.
ಒಂದು, ಎರಡು, ಮೂರು, ನಾಲ್ಕು,
ನಾನು ಕತ್ತರಿ ಹಾಕಿದಲ್ಲಿ
ಸೂಜಿ ಏನೂ ಆಗದ ಹಾಗೆ ದಾಟಿತು.
ಐದರಲ್ಲಿ ಎಡಗೈ ತಪ್ಪಿತು.
ಪಟ್ಟಿ ಕಳಚಿ ಕೋಲು ನೆಲಕ್ಕೆ ಬಿದ್ದ ಸದ್ದು,
ಉರುಳಿದ ಸದ್ದು, ದೂರದಲ್ಲಿ ಯಾರೋ ಕಿಸಕ್ಕೆಂದರು.
ಬಲಗೈ ಮಾತ್ರ ನಿಲ್ಲಲಿಲ್ಲ.
ಅಷ್ಟರಲ್ಲಿ ಕಹಳೆಗಳು ಬಂದು ಎಲ್ಲ ಮುಚ್ಚಿದವು.

"ಬಿತ್ತು ನೋಡು!" ಎಂದಳು, ಮಗು ಮೊದಲ ಹೆಜ್ಜೆ ಇಟ್ಟ ಹಾಗೆ.
ಮತ್ತೆ ಹಾಕಿಸಿದಳು. ಮತ್ತೆ. ಏಳು ಸಲ.
ಗಾಣ ಎಂಬ ಮಾತನ್ನು ನಾನು ಎತ್ತಲಿಲ್ಲ.

ಎಂಟನೆಯ ಸಲಕ್ಕೆ ನನ್ನ ಬೆರಳು ತಾನಾಗಿ
ಖಾಲಿ ಉಳಿದಿದ್ದ ಹದಿನಾರನೇ ಗುಂಡಿಯತ್ತ ಸರಿಯಿತು.
ಅವಳು ನೋಡಿಬಿಟ್ಟಳು.
"ಕೋಲಿಗೆ," ಎಂದಳು, "ಬೇರೆ ರಸೀದಿ."